900 ಮೀಟರಿನಲ್ಲಿ ಗುಂಡುಗಳು ಎಡಕ್ಕೂ ಬಲಕ್ಕೂ ಚೆದುರುತ್ತಿವೆ, 300ರಲ್ಲಿ ಎಲ್ಲವೂ ಸರಿ

ಒಂಬೈನೂರು:
ನನ್ನದು .308 ವಿಂಚೆಸ್ಟರ್, 155 ಗ್ರೇನ್ (ಸುಮಾರು 10 ಗ್ರಾಂ) ಗುಂಡು, ಬೈಪಾಡ್ (ಎರಡು ಕಾಲಿನ ಆಸರೆ) ಮೇಲಿಟ್ಟು ಹೊಡೆಯುವ ಎಫ್-ಟಿಆರ್ (ದೂರಗುರಿ ಪಂದ್ಯದ ಒಂದು ವಿಭಾಗ) ಮಾದರಿಯ ರೈಫಲ್. ಝೀರೋ ಮಾಡಿದ್ದು, ಅಂದರೆ ಗುರಿಯಿಟ್ಟ ಕಡೆಯೇ ಗುಂಡು ಬೀಳುವಂತೆ ಸ್ಕೋಪ್ ಹೊಂದಿಸಿದ್ದು, 100 ಮೀಟರಿನಲ್ಲಿ. 300 ಮೀಟರಿನಲ್ಲಿ ಹೊಡೆದ ಐದು ಗುಂಡುಗಳ ತೂತನ್ನು ಅಂಗೈಯಲ್ಲಿ ಮುಚ್ಚಬಹುದು. 900ಕ್ಕೆ ಹೋದರೆ ಮಾತ್ರ ಗುಂಪು ಅಡ್ಡಡ್ಡಲಾಗಿ ಹರಡಿಕೊಳ್ಳುತ್ತದೆ. ಮೇಲೆ ಕೆಳಗೆ ಒಂದು ಎಂಒಎ (ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ, 900 ಮೀಟರಿನಲ್ಲಿ ಸುಮಾರು 26 ಸೆಂಟಿಮೀಟರ್) ಒಳಗೇ ಇದೆ, ಆದರೆ ಎಡ ಬಲ ನಾಲ್ಕೂವರೆ ಎಂಒಎ. ಅಂದರೆ ಒಂದು ಮೀಟರಿಗೂ ಹೆಚ್ಚು!

ಗಾಳಿ ಬೆನ್ನಿನ ಕಡೆಯಿಂದ ಬೀಸುತ್ತಿತ್ತು. ಕೈಮೀಟರಿನಲ್ಲಿ ಸೆಕೆಂಡಿಗೆ 4 ಮೀಟರ್ ತೋರಿಸಿತು. ಅಡ್ಡಗಾಳಿಯೇ ಅಲ್ಲದಿದ್ದರೆ ಇಷ್ಟು ಚೆದುರುವುದು ಹೇಗೆ? ಪ್ರತಿ ಗುಂಡು ಬಿದ್ದ ಜಾಗ ನೋಡಿ ಟರೆಟ್ (ಗುರಿಯನ್ನು ಸರಿಸಲು ಸ್ಕೋಪಿನ ಮೇಲಿರುವ ತಿರುಗುಗುಂಡಿ) ತಿದ್ದುತ್ತಲೇ ಇದ್ದೇನೆ. ತಿದ್ದಿದಷ್ಟೂ ಕೆಡುತ್ತಿದೆ. ನಳಿಕೆ ಸವೆದಿರಬಹುದೇ?

ಮರಳುಚೀಲ:
155 ಗ್ರೇನ್ ಬಿಟ್ಟು ಉದ್ದನೆಯ, ಭಾರದ ಗುಂಡಿಗೆ ಬನ್ನಿ. 185 ಅಥವಾ 200 ಗ್ರೇನ್. ಗಾಳಿಗೆ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ. ನಾನು ಬದಲಾಯಿಸಿದ ಮೇಲೆ ನೆಮ್ಮದಿಯಾಗಿದ್ದೇನೆ.

ಹಿಂಗಾಳಿ:
ಭಾರದ ಗುಂಡು ಕಡಿಮೆ ಸರಿಯುತ್ತದೆ, ನಿಜ. ಆದರೆ ತಪ್ಪಾಗಿ ಓದಿದ ಗಾಳಿಯನ್ನು ಅದೂ ತಪ್ಪಾಗಿಯೇ ತೋರಿಸುತ್ತದೆ, ಸ್ವಲ್ಪ ಸಣ್ಣದಾಗಿ ಅಷ್ಟೇ. ದುಡ್ಡು ಸುರಿಯುವ ಮುನ್ನ ಲೆಕ್ಕ ನೋಡೋಣ. ನಳಿಕೆ ಸವೆದಿದ್ದರೆ ಗುಂಪು ಎಲ್ಲ ದಿಕ್ಕಿಗೂ ಹಿಗ್ಗುತ್ತಿತ್ತು, ಮೇಲೆ ಕೆಳಗೆ ಒಂದು ಎಂಒಎ ಒಳಗೆ ನಿಲ್ಲುತ್ತಿರಲಿಲ್ಲ. ರೈಫಲ್, ಮದ್ದು, ಭಂಗಿ ಮೂರೂ ಸರಿ ಇರುವಂತಿದೆ.

ಗುಂಡು ಬಿದ್ದ ಜಾಗದ ಜೊತೆಗೆ ಆ ಗುಂಡಿಗೆ ಟರೆಟ್ ಎಲ್ಲಿತ್ತು ಎಂಬುದನ್ನು ಬರೆದಿಟ್ಟಿದ್ದೀರಾ? ಬರೆದಿದ್ದರೆ ಇಲ್ಲಿ ಹಾಕಿ.

ಒಂಬೈನೂರು:
ಪುಣ್ಯಕ್ಕೆ ಬರೆದಿದ್ದೇನೆ. ಎಲ್ಲವೂ ಎಂಒಎ ಲೆಕ್ಕದಲ್ಲಿ.
1. ಟರೆಟ್ ಸೊನ್ನೆ. ಗುಂಡು ಎಡಕ್ಕೆ 2.
2. ಟರೆಟ್ ಬಲ 2. ಗುಂಡು ಬಲಕ್ಕೆ 1.5.
3. ಟರೆಟ್ ಬಲ 0.5. ಗುಂಡು ಎಡಕ್ಕೆ 1.5.
4. ಟರೆಟ್ ಬಲ 2. ಗುಂಡು ಬಲಕ್ಕೆ 2.5.
5. ಟರೆಟ್ ಎಡ 0.5. ಗುಂಡು ಎಡಕ್ಕೆ 2.
6. ಟರೆಟ್ ಬಲ 1.5. ಗುಂಡು ಬಲಕ್ಕೆ 1.

ಹಿಂಗಾಳಿ:
ಒಂದು ಎಡ, ಒಂದು ಬಲ, ಮತ್ತೆ ಎಡ, ಮತ್ತೆ ಬಲ. ಗುಂಡಿನ ಬೆನ್ನು ಹತ್ತಿ ಓಡಿದವರೆಲ್ಲರ ಪುಸ್ತಕದಲ್ಲೂ ಇದೇ ಚಿತ್ರ ಇರುತ್ತದೆ. ನನ್ನ ಹಳೆಯ ಪುಸ್ತಕದಲ್ಲಂತೂ ಪುಟಗಟ್ಟಲೆ ಇದೆ.

ಈಗ ಬಿದ್ದ ಜಾಗ ಮರೆತುಬಿಡಿ. ಆ ಗುಂಡು ನಡುವಿಗೆ ಬೀಳಬೇಕಿದ್ದರೆ ಟರೆಟ್ ಎಲ್ಲಿರಬೇಕಿತ್ತು? ಮೊದಲನೆಯದಕ್ಕೆ ಬಲ 2. ಎರಡನೆಯದಕ್ಕೆ ಬಲ 0.5. ಮುಂದಿನವಕ್ಕೆ ಕ್ರಮವಾಗಿ ಬಲ 2, ಎಡ 0.5, ಬಲ 1.5, ಬಲ 0.5. ಸರಾಸರಿ ಬಲ 1. ನೀವು ಟರೆಟನ್ನು ಬಲ 1ಕ್ಕೆ ಇಟ್ಟು, ಕೈಕಟ್ಟಿ ಆರೂ ಗುಂಡು ಹೊಡೆದಿದ್ದರೆ ಹರವು ನಾಲ್ಕೂವರೆ ಬದಲು ಎರಡೂವರೆ ಎಂಒಎ ಆಗುತ್ತಿತ್ತು. ಉಳಿದ ಎರಡು ಎಂಒಎ ಗಾಳಿಯದಲ್ಲ, ನಿಮ್ಮ ಕೈಯದು. ಹಿಂದಿನ ಗುಂಡು ಹೇಳುವುದು ಮುಗಿದುಹೋದ ಗಾಳಿಯ ಸುದ್ದಿ. ನೀವು ತಿದ್ದುವಷ್ಟರಲ್ಲಿ ಗಾಳಿ ಪಕ್ಕ ಬದಲಿಸಿರುತ್ತದೆ.

ಹಿಂಗಾಳಿಯನ್ನು ಹಗುರವಾಗಿ ಎಣಿಸಬೇಡಿ. (ಈ ಹೆಸರು ಇಟ್ಟುಕೊಂಡಿದ್ದೇ ಅದರಿಂದ ಪೆಟ್ಟು ತಿಂದ ಮೇಲೆ.) ಅಡ್ಡಕ್ಕೆ ಎಷ್ಟು ಗಾಳಿ ತಗಲುತ್ತದೆ ಎಂಬುದು ಗಾಳಿಗೂ ಗುಂಡಿನ ದಾರಿಗೂ ನಡುವಿನ ಕೋನದ ಸೈನ್ ಬೆಲೆಯನ್ನು ಅವಲಂಬಿಸಿದೆ. ನಿಮ್ಮ ಗುಂಡಿಗೆ 900 ಮೀಟರಿನಲ್ಲಿ ಸೆಕೆಂಡಿಗೆ 1 ಮೀಟರ್ ಪೂರ್ಣ ಅಡ್ಡಗಾಳಿ ಸುಮಾರು 2 ಎಂಒಎ ಸರಿಸುತ್ತದೆ. 4 ಮೀಟರಿನ ಗಾಳಿ ನೇರ ಅಡ್ಡಕ್ಕೆ ಬೀಸುತ್ತಿರುವಾಗ 10 ಡಿಗ್ರಿ ತಿರುಗಿದರೆ ಅದು ಅಡ್ಡಕ್ಕೆ ತಳ್ಳುವ ಶಕ್ತಿಯಲ್ಲಿ ನೂರಕ್ಕೆ ಒಂದೂವರೆ ಪಾಲು ಮಾತ್ರ ಕಡಿಮೆಯಾಗುತ್ತದೆ. ಟರೆಟಿನ ಕಾಲು ಎಂಒಎ ಕ್ಲಿಕ್ಕಿನಷ್ಟೂ ಇಲ್ಲ. ಅದೇ ಗಾಳಿ ನೇರ ಬೆನ್ನಿಗಿರುವಾಗ ಅತ್ತ 10 ಡಿಗ್ರಿ, ಇತ್ತ 10 ಡಿಗ್ರಿ ಬಾಲ ಅಲ್ಲಾಡಿಸಿದರೆ? ಒಂದೊಂದು ಪಕ್ಕಕ್ಕೂ 0.7 ಮೀಟರ್ ಅಡ್ಡಗಾಳಿ. ಒಟ್ಟು ತೂಗಾಟ 3 ಎಂಒಎ ಹತ್ತಿರ. ಮೀನಿನ ಬಾಲದ ಗಾಳಿ ಎಂದು ಕರೆಯುವುದು ಇದನ್ನೇ. ಮೀಟರಿನಲ್ಲಿ ವೇಗ ಬದಲಾಗದೆ 4 ಎಂದೇ ತೋರಿಸುತ್ತಿರುತ್ತದೆ, ಗುಂಡು ಮಾತ್ರ ಮಾತು ಕೇಳುವುದಿಲ್ಲ.

ಒಂಬೈನೂರು:
ಓದಿ ಸುಮ್ಮನೆ ಕುಳಿತೆ. ಹಾಗಾದರೆ ಗುಂಡು ಬಿಡುವ ಮೊದಲು ಯಾವುದನ್ನು ನೋಡಬೇಕು? ಇಂಥ ಗಾಳಿಯಲ್ಲಿ ಬಾವುಟಗಳು ಟಾರ್ಗೆಟ್ ಕಡೆಗೇ ಚಾಚಿಕೊಂಡಿರುತ್ತವೆ, ಎಡವೋ ಬಲವೋ ತಿಳಿಯುವುದಿಲ್ಲ.

ಹಿಂಗಾಳಿ:
ಬಿಸಿಲಿದ್ದರೆ ಮಿರಾಜ್, ಅಂದರೆ ಕಾದ ನೆಲದಿಂದ ಏಳುವ ಝಳದ ಅಲೆಗಳನ್ನು ನೋಡಿ. ಸ್ಪಾಟಿಂಗ್ ಸ್ಕೋಪನ್ನು (ಪಕ್ಕದಲ್ಲಿಟ್ಟು ನೋಡುವ ದೂರದರ್ಶಕ) ಟಾರ್ಗೆಟ್ ಮೇಲೆ ಫೋಕಸ್ ಮಾಡಬೇಡಿ, ಅದಕ್ಕಿಂತ ಈಚೆ, ನಡು ದೂರದ ಆಸುಪಾಸಿಗೆ ತನ್ನಿ. ಟಾರ್ಗೆಟ್ ಕೊಂಚ ಮಸುಕಾಗುತ್ತದೆ, ಝಳದ ಅಲೆಗಳು ಎದ್ದು ಕಾಣುತ್ತವೆ. ನಳಿಕೆಯ ಹತ್ತಿರದ ಗಾಳಿಯೇ ಹೆಚ್ಚು ಕೆಡುಕು ಮಾಡುವುದು. ಅಲ್ಲಿ ಗುಂಡಿನ ದಿಕ್ಕು ಕೂದಲೆಳೆಯಷ್ಟು ತಪ್ಪಿದರೂ ಉಳಿದ ದಾರಿಯುದ್ದಕ್ಕೂ ಆ ತಪ್ಪು ಬೆಳೆಯುತ್ತಾ ಹೋಗುತ್ತದೆ.

ಅಲೆಗಳು ಒಂದು ಪಕ್ಕಕ್ಕೆ ಹರಿಯುತ್ತಿದ್ದರೆ ಗಾಳಿಯ ಪಕ್ಕ ಗೊತ್ತಾಯಿತು. ಹಾಲು ಉಕ್ಕುವ ಹಾಗೆ ನೇರ ಮೇಲಕ್ಕೆ ಏಳುತ್ತಿದ್ದರೆ ಗಾಳಿ ಪಕ್ಕ ಬದಲಿಸುವ ಗಳಿಗೆ ಅದು. ಆಗ ಬೆರಳು ಟ್ರಿಗರಿನಿಂದ ಹೊರಗಿರಲಿ. ಎರಡು ಪಕ್ಕಗಳಲ್ಲಿ ಹೆಚ್ಚು ಹೊತ್ತು ನಿಲ್ಲುವುದು ಯಾವುದು ಎಂದು ಗುರುತಿಸಿ, ಅದು ಮರಳಿದಾಗ ಮಾತ್ರ ಗುಂಡು ಬಿಡಿ.

ಓರೆಗಣ್ಣು:
ಹಿಂಗಾಳಿ ಹೇಳಿದ್ದೆಲ್ಲ ಒಪ್ಪಿದೆ. ಆದರೆ ಆ ಸರಾಸರಿ ಬಲ 1 ನನ್ನ ಕಣ್ಣಿಗೆ ಚುಚ್ಚುತ್ತಿದೆ. ಗಾಳಿ ಎರಡೂ ಪಕ್ಕಕ್ಕೆ ಸಮನಾಗಿ ತೂಗಿದ್ದರೆ ಸರಾಸರಿ ಸೊನ್ನೆಯ ಎಡಕ್ಕೆ ಬರಬೇಕಿತ್ತು. ಬಲಸುತ್ತಿನ (ಒಳಗಿನ ಗೀರುಗಳು ಬಲಕ್ಕೆ ಸುತ್ತುವ) ನಳಿಕೆಯಿಂದ ಹೊರಟ ಗುಂಡು ತಿರುಗುವ ಕಾರಣಕ್ಕೇ ಇಷ್ಟು ದೂರದಲ್ಲಿ ಮುಕ್ಕಾಲು ಎಂಒಎ ಆಸುಪಾಸು ಬಲಕ್ಕೆ ಸರಿಯುತ್ತದೆ. ಇವರಿಗೆ ಎಡಕ್ಕೆ ತಿದ್ದುವ ಬದಲು ಬಲಕ್ಕೆ ತಿದ್ದಬೇಕಾಗಿದೆ. ಏನೋ ಎಡಕ್ಕೆ ಎಳೆಯುತ್ತಿದೆ.

ರೈಫಲಿಗೆ ರಸಮಟ್ಟ ಇದೆಯೇ? ಸ್ಕೋಪಿನ ಗುರಿಗೆರೆ, ಅಂದರೆ ಕ್ರಾಸ್‌ಹೇರ್ ನೆಟ್ಟಗಿದೆ ಎಂದು ಹೇಗೆ ನೋಡಿದಿರಿ?

ಒಂಬೈನೂರು:
ರಸಮಟ್ಟ ಇಲ್ಲ. ಸ್ಕೋಪ್ ಕೂರಿಸುವಾಗ ಕಣ್ಣಂದಾಜಿನಲ್ಲಿ ನೋಡಿದೆ.

ಓರೆಗಣ್ಣು:
ಅಲ್ಲೇ ಇರಬಹುದು ಕಳ್ಳ. 100ರಿಂದ 900ಕ್ಕೆ ಹೋಗಲು ನೀವು ಮೇಲಿನ (ಎತ್ತರ ತಿದ್ದುವ) ಟರೆಟನ್ನು 30 ಎಂಒಎಯಷ್ಟು ಏರಿಸುತ್ತೀರಿ. ಸ್ಕೋಪ್ 3 ಡಿಗ್ರಿ ಎಡಕ್ಕೆ ವಾಲಿದ್ದರೆ ಆ 30 ನೆಟ್ಟಗೆ ಏರುವುದಿಲ್ಲ, ಓರೆಯಾಗಿ ಏರುತ್ತದೆ. ಗುಂಡು ಒಂದೂವರೆ ಎಂಒಎ ಎಡಕ್ಕೆ ಹೋಗುತ್ತದೆ. 300ಕ್ಕೆ ಏರಿಸುವುದೇ 5 ಎಂಒಎ ಆದ್ದರಿಂದ ಅಲ್ಲಿ ತಪ್ಪು ಬರೀ ಕಾಲು ಎಂಒಎ, ಎರಡು ಸೆಂಟಿಮೀಟರ್ ಚಿಲ್ಲರೆ. ಯಾರ ಕಣ್ಣಿಗೂ ಬೀಳುವುದಿಲ್ಲ.

ಪರೀಕ್ಷೆ ಸುಲಭ. ಗಾಳಿಯಿಲ್ಲದ ಬೆಳಗ್ಗೆ 100 ಮೀಟರಿನಲ್ಲಿ ಉದ್ದನೆಯ ಹಾಳೆ ಅಂಟಿಸಿ. ದಾರಕ್ಕೆ ಭಾರ ಕಟ್ಟಿ ಇಳಿಬಿಟ್ಟು, ಅದರ ಗುಂಟ ಗೆರೆ ಎಳೆಯಿರಿ. ಕೆಳಗಿನ ಚುಕ್ಕೆಗೆ ಗುರಿಯಿಟ್ಟು ಮೂರು ಗುಂಡು ಹೊಡೆಯಿರಿ. ಮೇಲಿನ ಟರೆಟನ್ನು 30 ಎಂಒಎ ಏರಿಸಿ, ಅದೇ ಚುಕ್ಕೆಗೆ ಗುರಿಯಿಟ್ಟು ಮತ್ತೆ ಮೂರು. ಎರಡನೆಯ ಗುಂಪು 87 ಸೆಂಟಿಮೀಟರ್ ಮೇಲೆ, ಗೆರೆಯ ಮೇಲೆಯೇ ಬೀಳಬೇಕು. ಎಷ್ಟು ಮೇಲೆ ಬಿತ್ತು ಎಂಬುದನ್ನೂ ಅಳೆಯಿರಿ. ಟರೆಟಿನ ಕ್ಲಿಕ್ಕುಗಳು ನಿಜ ಹೇಳುತ್ತಿವೆಯೇ ಎಂಬುದೂ ಅದರಲ್ಲೇ ತಿಳಿಯುತ್ತದೆ.

ಒಂಬೈನೂರು:
ಮಾಡಿದೆ. ಎತ್ತರ ಸರಿಯಾಗಿ 87. ಆದರೆ ಗೆರೆಯಿಂದ 4 ಸೆಂಟಿಮೀಟರ್ ಎಡಕ್ಕೆ! ಸ್ಕೋಪ್ ಬಿಚ್ಚಿ, ಕ್ರಾಸ್‌ಹೇರನ್ನು ಇಳಿಬಿಟ್ಟ ದಾರಕ್ಕೆ ಹೊಂದಿಸಿ ಕೂರಿಸಿದೆ. ಪುಟ್ಟ ರಸಮಟ್ಟವನ್ನೂ ಕಟ್ಟಿದೆ. ಮರು ಪರೀಕ್ಷೆಯಲ್ಲಿ ಗುಂಪು ಗೆರೆಯ ಮೇಲೆ ಬಿತ್ತು.

ಓರೆಗಣ್ಣು:
4 ಸೆಂಟಿಮೀಟರ್ ಎಂದರೆ ಹತ್ತಿರ ಹತ್ತಿರ 1.4 ಎಂಒಎ. ಗುಂಡಿನ ತಿರುಗಾಟ ಬಲಕ್ಕೆ ಸರಿಸುವ ಮುಕ್ಕಾಲನ್ನು ಅದರಲ್ಲಿ ಕಳೆದರೆ ಎಡಕ್ಕೆ 0.65 ಹತ್ತಿರ. ನಿಮ್ಮ ಬಲ 1ರ ಸರಾಸರಿಯಲ್ಲಿ ಉಳಿದ ಚೂರು ಆ ದಿನದ ಗಾಳಿಯದು. ಬೈಪಾಡಿನ ಕಾಲು ಏರುಪೇರು ನೆಲದಲ್ಲಿ ನಿಂತಾಗ ಪ್ರತಿ ಗುಂಡಿಗೂ ಮುನ್ನ ರಸಮಟ್ಟದ ಗುಳ್ಳೆ ನೋಡುವ ಅಭ್ಯಾಸ ಬೆಳೆಸಿಕೊಳ್ಳಿ.

ಒಂಬೈನೂರು:
ನಿನ್ನೆ ಮತ್ತೆ 900. ಗಾಳಿ ಹಿಂದಿನಂತೆಯೇ ಬೆನ್ನಿಗೆ. ಟರೆಟ್ ಮುಟ್ಟದೆ, ಮಿರಾಜ್ ಬಲದಿಂದ ಎಡಕ್ಕೆ ಹರಿಯುವಾಗ ಮಾತ್ರ ಹೊಡೆದೆ. ಹತ್ತರಲ್ಲಿ ಎಂಟು ಒಂದೂವರೆ ಎಂಒಎ ಅಗಲದಲ್ಲಿವೆ. ಹೊರಗೆ ಹೋದ ಎರಡೂ ಝಳ ಉಕ್ಕುತ್ತಿದ್ದಾಗ ತಾಳ್ಮೆಗೆಟ್ಟು ಬಿಟ್ಟವು. ಒಂದೇ ಅನುಮಾನ: ಜೋಡಿಯಾಗಿ ಸರದಿಯಂತೆ ಹೊಡೆಯುವ ಪಂದ್ಯದಲ್ಲಿ ಒಂದು ಗುಂಡಿಗೆ 45 ಸೆಕೆಂಡು. ಅಷ್ಟರೊಳಗೆ ನನಗೆ ಬೇಕಾದ ಗಾಳಿ ಬಾರದಿದ್ದರೆ?

ಹಿಂಗಾಳಿ:
ಎರಡು ಪಕ್ಕಗಳ ನಡುವಿನ ಸರಾಸರಿ ಎಷ್ಟೆಂದು ಮೊದಲೇ ಬರೆದಿಟ್ಟುಕೊಂಡಿರಿ. ಕೊನೆಯ ಹತ್ತು ಸೆಕೆಂಡಿಗೆ ಬಂದರೂ ಗಾಳಿ ಮರಳದಿದ್ದರೆ ಟರೆಟನ್ನು ಆ ಸರಾಸರಿಗೆ ತಂದು ನಡುವಿಗೆ ಗುರಿಯಿಟ್ಟು ಬಿಡಿ. ಯಾವ ಪಕ್ಕಕ್ಕೆ ತಪ್ಪಿದರೂ ಪೂರ್ತಿ ತೂಗಾಟದ ಅರ್ಧದಷ್ಟೇ ತಪ್ಪುತ್ತೀರಿ. ಮುಂದಿನ ಗುಂಡಿಗೆ ಮುನ್ನ ಟರೆಟನ್ನು ಹಿಂದಿನ ಜಾಗಕ್ಕೆ ತರಲು ಮರೆಯಬೇಡಿ. ನಾನು ಒಮ್ಮೆ ಮರೆತಿದ್ದೇನೆ.

ಮರಳುಚೀಲ:
ಭಾರದ ಗುಂಡಿನ ಮಾತು ಸದ್ಯಕ್ಕೆ ಹಿಂದಕ್ಕೆ ತೆಗೆದುಕೊಂಡೆ. ನನ್ನ ಸ್ಕೋಪನ್ನು ಕೂರಿಸಿದ್ದೂ ಕಣ್ಣಂದಾಜಿನಲ್ಲೇ. ದಾರ ಹುಡುಕುತ್ತಿದ್ದೇನೆ.