‘ಆದಾಯ’, ‘ಒಟ್ಟು ಲಾಭ’, ‘ಕಾರ್ಯಾಚರಣೆ ಲಾಭ’: ಕಂಪನಿಯ ಲೆಕ್ಕಕ್ಕೆ ಯಾವ ಪದ ಸರಿ?

ಎಲ್ಲರಿಗೂ ನಮಸ್ಕಾರ.

ಕಂಪನಿಯ ಲೆಕ್ಕಪತ್ರ ನೋಡಿ ಅದರ ಸ್ಥಿತಿಗತಿ ತಿಳಿಯುವುದು ಹೇಗೆ ಅಂತ ಕನ್ನಡದಲ್ಲಿ ಒಂದು ಬರಹ ಸಿದ್ಧ ಮಾಡುತ್ತಿದ್ದೇನೆ. ಮೂರು ಪದಗಳ ಹತ್ತಿರ ಕೆಲಸ ನಿಂತಿದೆ.

ಮೊದಲನೆಯದು ‘ಆದಾಯ’. ‘ಕಂಪನಿಯ ಆದಾಯ ಶೇ 20ರಷ್ಟು ಏರಿದೆ’ ಅಂದರೆ ಏರಿದ್ದು ಯಾವುದು? ಮಾರಾಟದ ಮೊತ್ತವೋ, ಖರ್ಚು ಕಳೆದು ಉಳಿದದ್ದೋ? ಎರಡಕ್ಕೂ ಇದೇ ಪದ ಓಡಾಡುತ್ತಿದೆ. ಮೊದಲಿನದಕ್ಕೆ ‘ವರಮಾನ’, ಉಳಿದದ್ದಕ್ಕೆ ‘ಲಾಭ’ ಅಂತ ಇಟ್ಟುಕೊಂಡು, ‘ಆದಾಯ’ವನ್ನು ಇಲ್ಲಿ ಬಿಟ್ಟೇಬಿಡೋಣ ಅನ್ನಿಸುತ್ತದೆ.

‘ಒಟ್ಟು ಲಾಭ’ದ್ದು ಇನ್ನೊಂದು ಬಗೆ. ಲೆಕ್ಕಶಾಸ್ತ್ರದಲ್ಲಿ ಮಾರಾಟದಿಂದ ಸರಕಿನ ವೆಚ್ಚವನ್ನಷ್ಟೇ ಕಳೆದರೆ ಸಿಗುವುದು ಒಟ್ಟು ಲಾಭ. ಕಚೇರಿಯ ಸಂಬಳ, ಬಾಡಿಗೆ, ಬಡ್ಡಿ, ತೆರಿಗೆ ಯಾವುದನ್ನೂ ಇನ್ನೂ ಕಳೆದಿರುವುದಿಲ್ಲ. ಆದರೆ ಓದುಗರಿಗೆ ‘ಒಟ್ಟು’ ಅಂದರೆ ಎಲ್ಲ ಸೇರಿ ಕೊನೆಗೆ ಸಿಕ್ಕಿದ್ದು. ಅರ್ಥವೇ ತಲೆಕೆಳಗಾಗುತ್ತದೆ ಅಲ್ವಾ? ‘ಕಚ್ಚಾ ಲಾಭ’ ಅಂದರೆ ನಡೆದೀತೇ? (‘ನಿವ್ವಳ ಲಾಭ’ದ ಬಗ್ಗೆ ತಕರಾರಿಲ್ಲ. ‘ಸವಕಳಿ’ಯಂತೂ, ಅಂದರೆ ಯಂತ್ರ, ಕಟ್ಟಡ ಸವೆಯುವುದಕ್ಕೆ ವರ್ಷವರ್ಷ ಲೆಕ್ಕದಲ್ಲಿ ಕಳೆಯುವ ಮೊತ್ತ, ಬಹಳ ಸೊಗಸಾದ ಪದ.)

ಜಾಸ್ತಿ ತೊಡಕಿರುವುದು ‘ಕಾರ್ಯಾಚರಣೆ ಲಾಭ’ದಲ್ಲಿ. ಒಂದು ಕಲ್ಪಿತ ಲೆಕ್ಕ ನೋಡಿ. ಕಳೆದ ವರ್ಷ ಮಾರಾಟ 100. ಸರಕಿನ ವೆಚ್ಚ, ಸಂಬಳ, ಬಾಡಿಗೆ, ಸವಕಳಿ ಕಳೆದು ಉಳಿದದ್ದು 12. ಇದೇ ಕಾರ್ಯಾಚರಣೆ ಲಾಭ. ಬಡ್ಡಿ, ತೆರಿಗೆಗೆ 4 ಹೋಗಿ ನಿವ್ವಳ ಲಾಭ 8. ಈ ವರ್ಷ ಮಾರಾಟ 120. ಖರ್ಚು ಏರಿದ್ದರಿಂದ ಉಳಿದದ್ದು ಬರೀ 5. ಆದರೆ ಬೇರೆ ಕಂಪನಿಯ ಷೇರು ಮಾರಿ 9 ಲಾಭ ಬಂತು. ಬಡ್ಡಿ, ತೆರಿಗೆ 4 ಕಳೆದರೆ ನಿವ್ವಳ ಲಾಭ 10. ಮಾರಾಟವೂ ಏರಿದೆ, ನಿವ್ವಳ ಲಾಭವೂ ಏರಿದೆ. ಕಂಪನಿ ತನ್ನ ಕಸುಬಿನಲ್ಲಿ ಗಳಿಸಿದ್ದು ಮಾತ್ರ 12ರಿಂದ 5ಕ್ಕೆ ಬಿದ್ದಿದೆ. ಮುಂದಿನ ವರ್ಷ ಮಾರಲು ಷೇರು ಇಲ್ಲದಿದ್ದರೆ?

ಇಷ್ಟು ಮುಖ್ಯವಾದ ಸಾಲಿಗೆ ‘ಕಾರ್ಯಾಚರಣೆ’ ಅಂದರೆ ಪೊಲೀಸರೋ ಸೇನೆಯೋ ನೆನಪಾಗುತ್ತದೆ. ‘ನಿರ್ವಹಣಾ ಲಾಭ’ ಅಂದರೆ ಆಡಳಿತ ಮಂಡಳಿಯ ಲಾಭ ಅನ್ನುವ ಹಾಗಿದೆ. ನನಗೆ ಹಿಡಿಸಿದ್ದು ‘ಕಸುಬಿನ ಲಾಭ’. ಈ ಸಾಲು ಇನ್ನು ಮುಂದೆ ಜಾಸ್ತಿ ಕಣ್ಣಿಗೆ ಬೀಳಲಿದೆ. 2024ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಲೆಕ್ಕಪತ್ರ ಮಾನದಂಡ ಐಎಫ್‌ಆರ್‌ಎಸ್ 18, ಈ ಲಾಭವನ್ನು ಬೇರೆಯಾಗಿ ತೋರಿಸಲೇಬೇಕು ಅನ್ನುತ್ತದೆ. ಅದು 2027ರ ಜನವರಿ 1ರಿಂದ ಶುರುವಾಗುವ ಲೆಕ್ಕವರ್ಷಗಳಿಗೆ ಅನ್ವಯ.

ನಗದು ಹರಿವಿನ ಪಟ್ಟಿಯಲ್ಲೂ ‘ಕಾರ್ಯಾಚರಣೆ’ ಅನ್ನುವ ಪದ ಬರುತ್ತದೆ. ಅಲ್ಲಿ ಕಾರ್ಯಾಚರಣೆ ಒಂದು, ಹೂಡಿಕೆ ಇನ್ನೊಂದು, ಬಂಡವಾಳ-ಸಾಲ ಸೇರಿ ಮತ್ತೊಂದು ಅಂತ ಹಣದ ಹರಿವನ್ನು ಮೂರು ಭಾಗ ಮಾಡುತ್ತಾರೆ. ಸಾಲಕ್ಕೆ ಮಾರಿದ ಸರಕಿನ ದುಡ್ಡು ಬಾರದಿದ್ದರೆ ಲಾಭ ಕಾಗದದಲ್ಲಷ್ಟೇ ಇರುತ್ತದೆ, ಈ ಮೊದಲ ಭಾಗದಲ್ಲಿ ಅದು ಗೊತ್ತಾಗುತ್ತದೆ. ಹಾಗಾಗಿ ನಾವು ಆರಿಸುವ ಪದ ಎರಡೂ ಕಡೆ ಕೂರಬೇಕು. ‘ಕಸುಬಿನ ಲಾಭ’, ‘ಕಸುಬಿನ ನಗದು’ ನನಗೆ ಸರಿಯಾಗಿ ಕೇಳಿಸುತ್ತಿವೆ. ದೊಡ್ಡ ಕಂಪನಿಗೆ ‘ಕಸುಬು’ ಹಗುರವಾಯಿತೇ? ಲೆಕ್ಕ ಬರೆಯುವವರು, ತಪಾಸಣೆ ಮಾಡುವವರು ಮಾತಿನಲ್ಲಿ ಯಾವ ಪದ ಬಳಸುತ್ತೀರಿ, ದಯವಿಟ್ಟು ತಿಳಿಸಿ.