ಬಿಗ್ ಬ್ಲೈಂಡ್‌ನಲ್ಲಿ ಕಿಂಗ್-ಜ್ಯಾಕ್: ಕಾಲ್ ಮಾಡೋದಾ, ಬಿಡೋದಾ?

ನೆವಾಡಾ_ಕನ್ನಡಿಗ:
ಎಲ್ಲರಿಗೂ ನಮಸ್ಕಾರ. ಲಾಸ್ ವೇಗಸ್‌ನಲ್ಲಿ 1-3 ಡಾಲರ್‌ನ ನೋ ಲಿಮಿಟ್ ಹೋಲ್ಡೆಮ್ ಪೋಕರ್ ಟೇಬಲ್ (ಸ್ಮಾಲ್ ಬ್ಲೈಂಡ್ 1, ಬಿಗ್ ಬ್ಲೈಂಡ್ 3, ಅಂದರೆ ಇಬ್ಬರು ಎಲೆ ನೋಡೋ ಮೊದಲೇ ಹಾಕಲೇಬೇಕಾದ ದುಡ್ಡು), ಒಂಬತ್ತು ಜನ. ನನ್ನ ಹತ್ತಿರ 300 ಡಾಲರ್, ಎದುರಿನವನ ಹತ್ತಿರ ಅದಕ್ಕಿಂತ ಜಾಸ್ತಿ. ನಾನು ಬಿಗ್ ಬ್ಲೈಂಡ್. ಮೊದಲ ಸೀಟಿನವನು 15ಕ್ಕೆ ರೈಸ್ ಮಾಡಿದ (ಬೆಟ್ ಏರಿಸಿದ), ಮಿಕ್ಕವರೆಲ್ಲ ಫೋಲ್ಡ್ (ಕೈ ಬಿಟ್ಟರು). ನನ್ನ ಕೈಯಲ್ಲಿ ಕಿಂಗ್-ಜ್ಯಾಕ್ ಆಫ್‌ಸೂಟ್ (ಎರಡೂ ಬೇರೆ ಬೇರೆ ಸೂಟ್). 3 ಡಾಲರ್ ಹೇಗೂ ಹಾಕಿ ಆಗಿದೆ, ಇನ್ನು 12 ತಾನೇ ಅಂತ ಕಾಲ್ ಮಾಡಿದೆ (ಅವನಷ್ಟೇ ದುಡ್ಡು ಹಾಕಿದೆ). ಫ್ಲಾಪ್‌ನಲ್ಲಿ (ಎಲ್ಲರಿಗೂ ಸೇರಿದ ಮೊದಲ ಮೂರು ಎಲೆ) ಕಿಂಗ್-8-4, ಮೂರೂ ಬೇರೆ ಬೇರೆ ಸೂಟ್. ನಾನು ಚೆಕ್ (ದುಡ್ಡು ಹಾಕಲಿಲ್ಲ), ಅವನು 20, ಕಾಲ್. ಟರ್ನ್ (ನಾಲ್ಕನೇ ಎಲೆ) 2, ಅವನು 45, ಮತ್ತೆ ಕಾಲ್. ರಿವರ್ (ಐದನೇ ಎಲೆ) 9, ಅವನು 110 ತಳ್ಳಿದ. ಬಿಟ್ಟೆ.

ರಿವರ್ ಬಗ್ಗೆ ಅಲ್ಲ ನನ್ನ ಪ್ರಶ್ನೆ. ಫ್ಲಾಪ್ ಆದ ಮೇಲೆ ಪ್ರತಿ ಸಲ ನಾನೇ ಮೊದಲು ಮಾತಾಡಬೇಕು ಅಂತ ಗೊತ್ತಿದ್ದಾಗ ಯಾವ ಕೈ ಆಡಬೇಕು, ಯಾವುದು ಬಿಡಬೇಕು? ಆನ್‌ಲೈನ್ ಚಾರ್ಟ್‌ಗಳಲ್ಲಿ ಬಿಗ್ ಬ್ಲೈಂಡ್‌ನಿಂದ ಸಿಕ್ಕಾಪಟ್ಟೆ ಕೈ ಕಾಲ್ ಮಾಡಿ ಅಂತಾರೆ, ನನ್ನ ಜೊತೆ ಆಡೋ ಹಳಬರು ಬೇಡವೇ ಬೇಡ ಅಂತಾರೆ.

ಕಳಾವರ್_ರಾಣಿ:
ಚಾರ್ಟ್ ಸುಳ್ಳಲ್ಲ, ಆದರೆ ಅದು ನಿಮ್ಮ ಟೇಬಲ್‌ಗೆ ಬರೆದಿದ್ದಲ್ಲ. ಆ ಚಾರ್ಟ್‌ಗಳಲ್ಲಿ ರೈಸ್ ಸಾಮಾನ್ಯವಾಗಿ ಬಿಗ್ ಬ್ಲೈಂಡ್‌ನ ಎರಡೂವರೆ ಪಟ್ಟು ಇರುತ್ತೆ. ಅಂದರೆ ಒಂದೂವರೆ ಬ್ಲೈಂಡ್ ಹಾಕಿದರೆ ನಾಲ್ಕು ಬ್ಲೈಂಡ್‌ನ ಪಾಟ್‌ಗೆ (ಮಧ್ಯೆ ಬಿದ್ದಿರೋ ಒಟ್ಟು ದುಡ್ಡು) ಆಡ್ತೀರಿ, ಶೇ. 27 ಗೆಲ್ಲೋ ಅವಕಾಶ ಇದ್ದರೆ ಸಾಕು. ನಿಮ್ಮಲ್ಲಿ ರೈಸ್ ಐದು ಪಟ್ಟು. ಪಾಟ್‌ನಲ್ಲಿ 19 ಇದೆ, ನೀವು ಹಾಕಬೇಕಾದ್ದು 12. ಲೆಕ್ಕ ಹಾಕಿ, 12 ಭಾಗಿಸು 31, ಹತ್ತಿರ ಹತ್ತಿರ ಶೇ. 39. ಅದರ ಮೇಲೆ ಕ್ಯಾಸಿನೊ ರೇಕ್ (ಪಾಟ್‌ನಿಂದ ಅದು ತಗೊಳ್ಳೋ ಪಾಲು) ಬೇರೆ ಕಿತ್ಕೊಳ್ಳುತ್ತೆ.

ಆ ಶೇ. 39 ಕೂಡ ಐದೂ ಎಲೆ ಪುಕ್ಕಟೆ ನೋಡೋಕೆ ಸಿಕ್ಕರೆ ಮಾತ್ರ ಸರಿಹೋಗೋ ಲೆಕ್ಕ. ಮೊದಲು ಮಾತಾಡೋನಿಗೆ ಅದು ಸಿಗಲ್ಲ. ಏನೂ ಹತ್ತದಿದ್ದಾಗ ಫ್ಲಾಪ್‌ನಲ್ಲೇ ಬಿಡಬೇಕಾಗುತ್ತೆ, ಒಳ್ಳೆ ಕೈ ಇದ್ದಾಗ ಎದುರಿನವನು ಸುಮ್ನೆ ಚೆಕ್ ಮಾಡಿ ಮುಂದಿನ ಎಲೆ ನೋಡಿಬಿಡ್ತಾನೆ. ಅದಕ್ಕೇ ನಾನು ಮೊದಲು ಬೆಲೆ ನೋಡ್ತೀನಿ, ಆಮೇಲೆ ರೈಸ್ ಯಾವ ಸೀಟಿಂದ ಬಂತು ನೋಡ್ತೀನಿ, ನನ್ನ ಎಲೆ ನೋಡೋದು ಕೊನೆಗೆ. ಹಾಕಿ ಆಗಿರೋ 3 ಡಾಲರ್ ಪಾಟ್‌ದು, ನಿಮ್ಮದಲ್ಲ.

ಆಟೀನ್9:
ಒಪ್ಪಲ್ಲ. ಕಿಂಗ್-ಜ್ಯಾಕ್ ಕೂಡ ಬಿಟ್ಟರೆ ಇನ್ನೇನು ಆಡೋದು? ಟಾಪ್ ಪೇರ್ (ಮಧ್ಯದ ಎಲೆಗಳಲ್ಲಿ ದೊಡ್ಡದರ ಜೋಡಿ) ಸಿಕ್ಕಿದೆ ಅಲ್ವಾ ಅವರಿಗೆ!

ತುಂಗಾತೀರ:
@ಆಟೀನ್9, ತೊಂದರೆ ಇರೋದು ಅಲ್ಲೇ ಗುರು. ಆ ಕಿಂಗ್ ಸಿಕ್ಕ ಮೇಲೆ ಯಾವ ಕೈಗಳು ಇವರನ್ನ ಸೋಲಿಸುತ್ತೆ ಅಂತ ಎಣಿಸಿ ನೋಡಿ. ಒಂದು ಕಿಂಗ್ ಬೋರ್ಡ್ ಮೇಲೆ, ಒಂದು ಇವರ ಕೈಯಲ್ಲಿ, ಉಳಿದಿದ್ದು ಎರಡು. ಏಸ್-ಕಿಂಗ್ 8 ಥರ ಬರಬಹುದು, ಕಿಂಗ್-ಕ್ವೀನ್ 8 ಥರ, ಏಸ್ ಜೋಡಿ 6 ಥರ, 8ರ ಸೆಟ್ (ಕೈಲಿ ಜೋಡಿ, ಬೋರ್ಡ್ ಮೇಲೆ ಮೂರನೇದು) 3 ಥರ. ಇವರು ಸೋಲಿಸೋದು ಯಾರನ್ನ? ಕ್ವೀನ್ ಜೋಡಿ, ಜ್ಯಾಕ್ ಜೋಡಿ, 10ರ ಜೋಡಿ. ಇವನ್ನ ಹಿಡಿದವನು ಕಿಂಗ್ ಇರೋ ಬೋರ್ಡ್ ಮೇಲೆ ಮೂರು ಸಲ ದುಡ್ಡು ಹಾಕ್ತಾನಾ? 1-3 ಟೇಬಲ್‌ನಲ್ಲಿ ಹಾಕೋರು ತೀರಾ ಕಮ್ಮಿ. ಅಂದರೆ ಪಾಟ್ ಚಿಕ್ಕದಿದ್ದರೆ ನೀವು ಗೆಲ್ತೀರಿ, ದೊಡ್ಡದಾದರೆ ಸೋಲ್ತೀರಿ. ಬೆಟ್ಟಿಂಗ್ ಎಲ್ಲಿಗೆ ನಿಲ್ಲಬೇಕು ಅನ್ನೋದು ಹಿಂದೆ ಕೂತವನ ಕೈಲಿರುತ್ತೆ.

ಅದೇ ಕಿಂಗ್-ಜ್ಯಾಕ್ ಇಟ್ಕೊಂಡಿದ್ದಾಗ ರೈಸ್ ಬಟನ್‌ನಿಂದ (ಫ್ಲಾಪ್ ಆದ ಮೇಲೆ ಕೊನೆಗೆ ಮಾತಾಡೋ ಸೀಟು) ಬಂದಿದ್ದರೆ ನಾನೂ ಖಂಡಿತ ಆಡ್ತಿದ್ದೆ. ಬಟನ್‌ನವನು ಕಿಂಗ್-9, ಜ್ಯಾಕ್-10, ಏಸ್-5 ಎಲ್ಲದಕ್ಕೂ ರೈಸ್ ಮಾಡ್ತಾನೆ, ಅಲ್ಲಿ ನಿಮ್ಮ ಜ್ಯಾಕ್‌ಗೂ ಬೆಲೆ ಇದೆ. ಒಂಬತ್ತು ಜನರ ಟೇಬಲ್‌ನಲ್ಲಿ ಮೊದಲ ಸೀಟಿಂದ ರೈಸ್ ಮಾಡೋನಿಗೆ ತನ್ನ ಹಿಂದೆ ಎಂಟು ಜನ ಇದ್ದಾರೆ ಅಂತ ಗೊತ್ತು, ಅದಕ್ಕೇ ಒಳ್ಳೆ ಕೈ ಇದ್ದರಷ್ಟೇ ರೈಸ್ ಮಾಡ್ತಾನೆ.

ಕಳಾವರ್_ರಾಣಿ:
ತುಂಗಾತೀರ ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಇನ್ನೊಂದು ಸೇರಿಸ್ತೀನಿ. ಆ ಮೊದಲ ಸೀಟಿನ ರೈಸ್‌ಗೆ ನೀವು 5ರ ಜೋಡಿ ಹಿಡಿದಿದ್ದರೆ ಕಾಲ್ ಮಾಡಬಹುದಿತ್ತು, ನೋಡೋಕೆ ಕಿಂಗ್-ಜ್ಯಾಕ್‌ಗಿಂತ ಸಣ್ಣ ಕೈ ಆದರೂ. ಫ್ಲಾಪ್‌ನಲ್ಲಿ ಸೆಟ್ ಸಿಗೋದು ಸುಮಾರು ಎಂಟೂವರೆ ಸಲಕ್ಕೆ ಒಂದು ಸಲ. ಸಿಗದಿದ್ದರೆ ಕಣ್ಣುಮುಚ್ಚಿ ಫೋಲ್ಡ್, ಸಿಕ್ಕರೆ ಅವನ ಏಸ್-ಕಿಂಗ್ ನಿಮಗೆ ಪೂರ್ತಿ ದುಡ್ಡು ಕೊಡುತ್ತೆ. ಯೋಚನೆ ಮಾಡೋಕೆ ಏನೂ ಇಲ್ಲ. ಆದರೆ ಇಬ್ಬರ ಹತ್ತಿರವೂ ಕಾಲ್‌ನ ಹದಿನೈದು ಪಟ್ಟಾದರೂ, ಅಂದರೆ ಇಲ್ಲಿ 180 ಡಾಲರ್, ಹಿಂದೆ ಉಳಿದಿರಬೇಕು.

7-6 ಸೂಟೆಡ್ (ಎರಡೂ ಒಂದೇ ಸೂಟ್) ಥರದ ಕೈಗೆ ಜನ ಬೇಕು. ಇನ್ನೂ ಇಬ್ಬರು ಕಾಲ್ ಮಾಡಿದ್ದರೆ ಪಾಟ್ 49 ಆಗಿರುತ್ತೆ, ನಿಮ್ಮ 12ಕ್ಕೆ ಐದರಲ್ಲೊಂದು ಸಲ ಗೆದ್ದರೆ ಸಾಕು.

ಆಟೀನ್9:
ಆ ಎಣಿಕೆ ನೋಡಿದ ಮೇಲೆ ಅರ್ಥ ಆಯ್ತು. ಸ್ಮಾಲ್ ಬ್ಲೈಂಡ್‌ನಲ್ಲಿ ಇದ್ದರೂ ಇದೇ ಲೆಕ್ಕಾನಾ?

ತುಂಗಾತೀರ:
ಅಲ್ಲಿ ಇನ್ನೂ ಕಷ್ಟ. ನೀವು ಹಾಕಿರೋದು 1, ಕಾಲ್‌ಗೆ 14 ಬೇಕು, ಅಂದರೆ ಶೇ. 42. ಜೊತೆಗೆ ಬಿಗ್ ಬ್ಲೈಂಡ್ ಇನ್ನೂ ಮಾತಾಡಿಲ್ಲ, ಅವನು ಮತ್ತೆ ರೈಸ್ ಮಾಡಿದರೆ 15 ಪೂರ್ತಿ ಹೋಯ್ತು. ಸ್ಮಾಲ್ ಬ್ಲೈಂಡ್‌ನಿಂದ ನಾನು ಬರೀ ಕಾಲ್ ಮಾಡೋದೇ ಅಪರೂಪ. ಕ್ವೀನ್ ಜೋಡಿ, ಕಿಂಗ್ ಜೋಡಿ, ಏಸ್ ಜೋಡಿ, ಏಸ್-ಕಿಂಗ್ ಇದ್ದರೆ 60ಕ್ಕೆ ತ್ರೀಬೆಟ್ (ರೈಸ್ ಮೇಲೆ ಮತ್ತೆ ರೈಸ್), ಇಲ್ಲಾಂದ್ರೆ ಫೋಲ್ಡ್. ಬಟನ್‌ನಲ್ಲಿ ಕೂತಿದ್ದರೆ 45 ಸಾಕಾಗ್ತಿತ್ತು. ಮೊದಲು ಮಾತಾಡಬೇಕಾದಾಗ ಎದುರಿನವನಿಗೆ ಅಗ್ಗದಲ್ಲಿ ಫ್ಲಾಪ್ ತೋರಿಸಬಾರದು, ಅದಕ್ಕೇ ಜಾಸ್ತಿ ಹಾಕೋದು.

ನೆವಾಡಾ_ಕನ್ನಡಿಗ:
ತುಂಬಾ ಥ್ಯಾಂಕ್ಸ್. ಕೊನೇ ಪ್ರಶ್ನೆ. ಆ ರೈಸ್ ಮಾಡಿದವನ ಹತ್ತಿರ ಒಟ್ಟು 75 ಡಾಲರ್ ಮಾತ್ರ ಇದ್ದಿದ್ದರೆ?

ಕಳಾವರ್_ರಾಣಿ:
ಆಗಲೂ ಫ್ಲಾಪ್‌ಗೆ ಮೊದಲೇ ಫೋಲ್ಡ್, ಬೆಲೆ ಬದಲಾಗಿಲ್ಲವಲ್ಲ. ಆದರೆ ಕಾಲ್ ಮಾಡಿ ಕಿಂಗ್ ಬಿತ್ತು ಅಂದರೆ ಪಾಟ್ 31, ಅವನ ಹತ್ತಿರ ಉಳಿದಿದ್ದು 60. ಅಲ್ಲಿ ನಾನು ಟಾಪ್ ಪೇರ್ ಬಿಡಲ್ಲ. ಹಿಂದೆ ಕೂತು ಮೂರು ಸುತ್ತು ಹಿಂಡೋಕೆ ಅವನ ಹತ್ತಿರ ದುಡ್ಡೇ ಇಲ್ಲ. 5ರ ಜೋಡಿ ಮಾತ್ರ ಆಗ ಬೇಡ, ಸೆಟ್ ಸಿಕ್ಕರೂ ಬರೋದು ಅಷ್ಟೇ.