ನಿನ್ನೆ ರಾತ್ರಿಯ ಮೊಸರನ್ನ: ಎರಡನೇ ಹಂತ ನಿವಾಸಿಗಳ ಗುಂಪು

ಮನೆ 27: ಯಾರಾದರೂ ಎದ್ದಿದ್ದೀರಾ? ನಮ್ಮ ಮನೆಯಲ್ಲಿ ರಾತ್ರಿ ಯಾರೂ ಕಣ್ಣು ಮುಚ್ಚಿಲ್ಲ. ಹತ್ತೂವರೆಗೆ ಮಗಳಿಗೆ ವಾಂತಿ ಶುರುವಾಯಿತು, ಹನ್ನೊಂದಕ್ಕೆ ಮಗನಿಗೆ, ಆಮೇಲೆ ಅತ್ತೆಗೆ. ಬಕೆಟ್ ಹಿಡಿದುಕೊಂಡು ಈ ರೂಮಿಂದ ಆ ರೂಮಿಗೆ ಓಡಿದ್ದೇ ಆಯಿತು. ಅತ್ತೆಗೆ ಡ್ರಿಪ್ ಹಾಕಿಸಿ ಈಗ ತಾನೇ ಮನೆಗೆ ಬಂದೆ. ಮೂವರೂ ತಿಂದಿದ್ದು ಪೆಂಡಾಲಿನ ಊಟ. ಮನೆಗೆ ಸಾವಿರ ಸಾವಿರ ವಸೂಲಿ ಮಾಡ್ತೀರಲ್ಲ, ಅಡುಗೆ ಕಡೆ ಒಬ್ಬರಾದರೂ ತಿರುಗಿ ನೋಡಿದಿರಾ? ಉತ್ತರ ಬೇಕು. ಕೈಮುಗಿಯೋ ಚಿತ್ರ ಕಳಿಸಬೇಡಿ.

ಮನೆ 12: ನಮ್ಮಲ್ಲೂ ಇಬ್ಬರು.

ಮನೆ 30: ಯಜಮಾನರು, ಇಬ್ಬರು ಮಕ್ಕಳು. ನನಗೆ ಶೀತ ಅಂತ ಮೊಸರನ್ನ ಮುಟ್ಟಿರಲಿಲ್ಲ, ಪುಳಿಯೋಗರೆ ತಿಂದೆ. ನನಗೇನೂ ಆಗಿಲ್ಲ.

ಮನೆ 5: ಶುಭೋದಯ. ಹಳಸಿದ ಊಟ ತಿಂದಿದ್ದರೆ ಎರಡು ಚಮಚ ಹರಳೆಣ್ಣೆ ಕುಡಿಯಿರಿ, ವಿಷವೆಲ್ಲ ಹೊರಗೆ. ಹತ್ತು ಜನಕ್ಕೆ ಕಳಿಸಿ, ಜೀವ ಉಳಿಸಿ.

ಮನೆ 9: ಹರಳೆಣ್ಣೆ ಬೇಡ ಸಾರ್, ಮೊದಲೇ ಹೋಗುತ್ತಿರೋ ನೀರು ಇನ್ನೂ ಹೋಗುತ್ತೆ. ಓಆರ್‌ಎಸ್ ಕೊಡಿ. ದೊಡ್ಡ ಪ್ಯಾಕೆಟ್ ಆದರೆ ಪೂರ್ತಿ ಒಂದು ಲೀಟರ್ ನೀರಿಗೆ. ಚಿಕ್ಕದು 200 ಎಂಎಲ್‌ಗೆ ಬರುತ್ತೆ, ಪ್ಯಾಕೆಟ್ ಮೇಲೆ ಓದಿ. ಸಿಗಲಿಲ್ಲ ಅಂದರೆ ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡೂ ತಲೆ ಸಮ ಮಾಡಿ ಹಾಕಿ. ಗುಟುಕು ಗುಟುಕಾಗಿ ಕುಡಿಸಿ. ಮಕ್ಕಳಿಗೆ ಭೇದಿ ನಿಲ್ಲಿಸೋ ಮಾತ್ರೆ ನೀವಾಗೇ ಕೊಡಬೇಡಿ. ಒಂದಕ್ಕೆ ಹೋಗೋದು ಕಮ್ಮಿಯಾದರೆ, ಮಗು ಮಂಕಾದರೆ, ರಕ್ತ ಕಂಡರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ.

ಮನೆ 41: ಪ್ರಸಾದದ ಮೇಲೆ ಅಪವಾದ ಹಾಕುವುದು ಸರಿಯಲ್ಲ. ನಾನು ಹುಟ್ಟಿದಾಗಿನಿಂದ ಪ್ರಸಾದ ತಿನ್ನುತ್ತಿದ್ದೇನೆ. ಕಾರ್ನರಿನ ಪಾನಿಪುರಿ ಗಾಡಿ ಎತ್ತಿಸಿ ಅಂತ ಜನವರಿಯಲ್ಲೇ ಬರೆದಿದ್ದೆ. ಯಾರೂ ಸಹಿ ಹಾಕಲಿಲ್ಲ. ಅನುಭವಿಸಿ.

ಮನೆ 27: ನಮ್ಮತ್ತೆಗೆ ಹಲ್ಲೇ ಇಲ್ಲ ಅಂಕಲ್. ಪಾನಿಪುರಿ ಎಲ್ಲಿ ತಿಂತಾರೆ?

ಮನೆ 33: ಈ ಸಲ ಪೆಂಡಾಲಿನಲ್ಲಿ ಹೊಟ್ಟೆ ನೆಟ್ಟಗಿರೋದು ಗಣಪನಿಗೆ ಒಬ್ಬನಿಗೇ.

ಮನೆ 12: ತಮಾಷೆನಾ?

ಮನೆ 5: 2018ರಲ್ಲಿ ಸುಳ್ವಾಡಿಯಲ್ಲೂ ಪ್ರಸಾದ ತಿಂದೇ ಅಲ್ವಾ ಸತ್ತಿದ್ದು? ಯಾರೋ ಏನೋ ಬೆರೆಸಿರಬೇಕು. ಸಿಸಿ ಟಿವಿ ನೋಡಿ.

ಮನೆ 9: ಸುಮ್ನೆ ಹೆದರಿಸಬೇಡಿ. ಹನೂರು ತಾಲ್ಲೂಕಿನ ಆ ಪ್ರಕರಣದಲ್ಲಿ ಬೇಕಂತಲೇ ಕೀಟನಾಶಕ ಬೆರೆಸಿದ್ದರು, 17 ಜನ ಹೋದರು. ಇದು ಹಾಗಲ್ಲ. ನನಗೆ ಮೂರೇ ವಿಷಯ ಬೇಕು: ಅನ್ನ ಯಾವಾಗ ಆಯಿತು, ಯಾವಾಗ ಬಡಿಸಿದಿರಿ, ಯಾವಾಗ ವಾಂತಿ ಶುರುವಾಯಿತು. ಹಾಗೇ ಪ್ರತಿ ಮನೆಯವರೂ ಏನೇನು ತಿಂದಿರಿ ಅಂತ ಹಾಕಿ. ಹುಷಾರಾಗಿ ಇರುವವರೂ ಬರೆಯಬೇಕು. ಅವರು ಬರೆದರೇನೇ ಯಾವ ಪದಾರ್ಥ ಅಂತ ಗೊತ್ತಾಗೋದು. ಸರ್ವೀಸಿನಲ್ಲಿ ಇದೇ ಕೆಲಸ ಮಾಡಿದವನು ನಾನು.

ಕಾರ್ಯದರ್ಶಿ: ಎಲ್ಲರಿಗೂ ನಮಸ್ಕಾರ. ಸಂಘಕ್ಕೆ ತುಂಬಾ ಬೇಜಾರಾಗಿದೆ. ಅನ್ನ 11 ಗಂಟೆಗೇ ಆಗಿತ್ತು. ಮಧ್ಯಾಹ್ನವೇ ಬಡಿಸಬೇಕಿತ್ತು. ಅತಿಥಿಗಳು ಸಂಜೆ ಬರ್ತೀನಿ ಅಂದರು, ಆಮೇಲೆ ಆರ್ಕೆಸ್ಟ್ರಾ ತಡ. ಬಡಿಸಿದ್ದು 8 ಗಂಟೆಗೆ. ಡಬರಿ ಮುಚ್ಚಿಯೇ ಇಟ್ಟಿದ್ದೆವು, ಒಂದು ನೊಣ ಕೂರಲು ಬಿಟ್ಟಿಲ್ಲ.

ಮನೆ 9: ನೊಣದ ಮಾತಲ್ಲ ಸಾರ್. ಒಂಬತ್ತು ಗಂಟೆ ಹೊತ್ತು ಅನ್ನ ಬಿಸಿಯೂ ಅಲ್ಲದೆ ತಣ್ಣಗೂ ಆಗದೆ ಕೂತಿತ್ತಲ್ಲ, ಅದೇ ತೊಂದರೆ. ಅಕ್ಕಿಯಲ್ಲಿ ಬೆಸಿಲ್ಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾದ ಬೀಜಕಣ ಇರೋದು ಮಾಮೂಲು. ಅನ್ನ ಬೆಂದರೂ ಅದು ಸಾಯುವುದಿಲ್ಲ. ಅನ್ನ ಉಗುರುಬೆಚ್ಚಗೆ ಕೂತರೆ ಮೊಳೆತು ವಿಷ ಬಿಡುತ್ತೆ. ಡಬರಿ ದೊಡ್ಡದಾದಷ್ಟೂ ನಡುವಿನ ಅನ್ನ ತಣಿಯೋದು ನಿಧಾನ, ಮುಚ್ಚಳ ಹಾಕಿದರಂತೂ ಕೇಳಬೇಡಿ. ಆ ವಿಷ ಒಮ್ಮೆ ಆದರೆ ಮತ್ತೆ ಕುದಿಸಿದರೂ ಹೋಗಲ್ಲ. ತಿಂದ ಅರ್ಧ ಗಂಟೆಯಿಂದ ಆರು ಗಂಟೆಯೊಳಗೆ ವಾಂತಿ. 27ರವರದ್ದು ಲೆಕ್ಕ ಹಾಕಿ. ಅಂದಹಾಗೆ ಯಾರಿಗಾದರೂ ಜ್ವರ ಇದೆಯಾ?

ಮನೆ 27: ಇಲ್ಲ ಸಾರ್.

ಮನೆ 12: ಇಲ್ಲ.

ಮನೆ 16: ಮೊಸರನ್ನದ ಸೇವೆ ನಮ್ಮ ಮನೆಯದು ಅಂತ ಎಲ್ಲರಿಗೂ ಗೊತ್ತು. ನಮ್ಮನ್ನೇ ಗುರಿ ಮಾಡ್ತಿದ್ದೀರಾ? ನಾವು ಕೊಟ್ಟಿದ್ದು ದುಡ್ಡು. ಹುಳಿ ಬರಬಾರದು ಅಂತ ಅನ್ನಕ್ಕೆ ಹಾಲು ಸುರಿದು ಒಂದೇ ಸೌಟು ಮೊಸರು ಹಾಕಿದ್ದು ಅಡುಗೆ ಭಟ್ಟರು. ಅವರು ಎಲ್ಲ ಕಡೆ ಹಾಗೇ ಮಾಡೋದಂತೆ.

ಮನೆ 9: ನಿಮ್ಮ ತಪ್ಪು ಅಂತ ಯಾರೂ ಹೇಳಿಲ್ಲ ಮೇಡಂ. ಆದರೆ ಆ ಹುಳಿಯೇ ಸ್ವಲ್ಪ ಕಾವಲು. ಪುಳಿಯೋಗರೆ ತಿಂದವರು ಚೆನ್ನಾಗಿರೋದಕ್ಕೆ ಹುಣಸೆಹುಳಿಯೂ ಒಂದು ಕಾರಣ ಇರಬಹುದು. ಹಾಲನ್ನದಲ್ಲಿ ಆ ಕಾವಲೂ ಇಲ್ಲ. ಕಲಸಿದ್ದು ಯಾರು?

ಮನೆ 30: ಹುಡುಗರು. ಮೊಣಕೈವರೆಗೂ ಕೈ ಹಾಕಿ ಕಲಸುತ್ತಿದ್ದರು, ನಾನು ಎಲೆ ಒರೆಸುತ್ತಾ ನೋಡಿದೆ. ಒಬ್ಬನ ಹೆಬ್ಬೆರಳಿಗೆ ಬ್ಯಾಂಡೇಜ್ ಇತ್ತು. ಬಾಳೆಕಂಬ ಕಟ್ಟುವಾಗ ಕುಡುಗೋಲು ತಾಗಿತ್ತಂತೆ. ಕಲಸಿ ಕೈ ಎತ್ತಿದಾಗ ಬ್ಯಾಂಡೇಜ್ ಒದ್ದೆಯಾಗಿ ಅರ್ಧ ಬಿಚ್ಚಿಕೊಂಡಿತ್ತು.

ಮನೆ 9: ಹಾಗಾದರೆ ಸ್ಟ್ಯಾಫಿಲೋಕಾಕಸ್ ಅನ್ನೋ ಇನ್ನೊಂದು ಬ್ಯಾಕ್ಟೀರಿಯಾ ಕೂಡ ಇರಬಹುದು. ಗಾಯದಲ್ಲಿ, ಮೂಗಿನಲ್ಲಿ ಇರುತ್ತೆ. ಅದೂ ಇಷ್ಟೇ ಹೊತ್ತಿನಲ್ಲಿ ವಾಂತಿ ಮಾಡಿಸುತ್ತೆ, ಅದರ ವಿಷವೂ ಕುದಿಸಿದರೆ ಹೋಗಲ್ಲ. ಎರಡರಲ್ಲಿ ಯಾವುದು ಅಂತ ಲ್ಯಾಬೇ ಹೇಳಬೇಕು.

ಮನೆ 12: ಆ ಹುಡುಗ ನಿಮ್ಮ ಮಗ ಅಲ್ವಾ 41 ಅಂಕಲ್?

ಮನೆ 41: ಓಹೋ! ಈಗ ನನ್ನ ಮಗನ ಮೇಲೆ! ಮೂರು ದಿನ ನಿದ್ದೆಗೆಟ್ಟು ಪೆಂಡಾಲ್ ಕಟ್ಟಿದವನು ಅವನು. ನಿಮ್ಮ ಮಕ್ಕಳು ಮೊಬೈಲ್ ನೋಡುತ್ತಾ ಮಲಗಿದ್ದರು.

ಮನೆ 41: ಟ್ಯಾಂಕರ್ ನೀರಿನ ಬಗ್ಗೆ ಯಾಕೆ ಯಾರೂ ಮಾತಾಡಲ್ಲ?

ಮನೆ 41: ಹೋದ ವರ್ಷದ ಮೋಟಾರ್ ಲೆಕ್ಕ ಇನ್ನೂ ಕೊಟ್ಟಿಲ್ಲ, ಅದೂ ಹೇಳಲಾ?

ಕಾರ್ಯದರ್ಶಿ: ಲೆಕ್ಕ ನೋಟಿಸ್ ಬೋರ್ಡಿನಲ್ಲಿ ಯುಗಾದಿಯಿಂದಲೂ ಇದೆ. ಕನ್ನಡಕ ಹಾಕಿಕೊಂಡು ಓದಬೇಕು ಅಷ್ಟೇ.

ಮನೆ 9: ಟ್ಯಾಂಕರ್ ನೀರನ್ನು ಎಲ್ಲರೂ ಕುಡಿದಿದ್ದಾರೆ, ಮೊಸರನ್ನ ಬಿಟ್ಟವರಿಗೆ ಏನೂ ಆಗಿಲ್ಲ. ನೀರಿನಿಂದ ಬರೋ ಟೈಫಾಯ್ಡ್ ಒಂದೇ ರಾತ್ರಿಗೆ ಬರಲ್ಲ. ಅದು ಬಿಡಿ. ಉಳಿದ ಮೊಸರನ್ನ ಎಲ್ಲಿ? ಸ್ವಲ್ಪ ಶುದ್ಧ ಡಬ್ಬಿಗೆ ತುಂಬಿ ಫ್ರಿಜ್ಜಿನಲ್ಲಿಡಿ, ಆಹಾರ ಸುರಕ್ಷತಾ ಅಧಿಕಾರಿ ಬಂದರೆ ಸ್ಯಾಂಪಲ್ ಬೇಕು. ಆರೋಗ್ಯ ಕೇಂದ್ರಕ್ಕೆ ನಾನೇ ಫೋನ್ ಮಾಡ್ತೀನಿ. ಮತ್ತೆ ವಿಸರ್ಜನೆ ದಿನದ ಊಟಕ್ಕೆ ಈಗಲೇ ತೀರ್ಮಾನ ಆಗಲಿ. ಮಾಡಿದ ಎರಡು ಗಂಟೆಯೊಳಗೆ ಬಡಿಸಬೇಕು. ತಡ ಆಗುತ್ತೆ ಅಂದರೆ ಹಬೆ ಆಡುವಷ್ಟು ಬಿಸಿ, 60 ಡಿಗ್ರಿ ಮೇಲೆ ಇಡಬೇಕು. ಅದಾಗದಿದ್ದರೆ ಅಗಲ ತಟ್ಟೆಗಳಿಗೆ ತೆಳ್ಳಗೆ ಹರಡಿ ಬೇಗ ಆರಿಸಿ ಫ್ರಿಜ್ಜಿಗೆ. ಕಲಸೋಕೆ ಸೌಟು. ಕೈಗೆ ಗಾಯ ಆದವರು, ಹೊಟ್ಟೆ ಕೆಟ್ಟವರು ಅಡುಗೆ ಕಡೆ ಬರಬಾರದು. ಅತಿಥಿಗಳು ತಡವಾದರೆ ಅವರೇ ಕಾಯಲಿ, ಅನ್ನ ಕಾಯಬಾರದು.

ಕಾರ್ಯದರ್ಶಿ: ಉಳಿದದ್ದು ಇಲ್ಲ ಸಾರ್. ರಾತ್ರಿಯೇ ಹುಡುಗರು ಡಬರಿ ತೊಳೆದು, ಮಿಕ್ಕಿದ್ದೆಲ್ಲ ಕಾರ್ನರ್ ಸೈಟಿಗೆ ಸುರಿದಿದ್ದಾರೆ.

ಮನೆ 22: ಅದಕ್ಕೇನಾ ಬೆಳಿಗ್ಗೆ ಅಲ್ಲಿ ಅಷ್ಟೊಂದು ನಾಯಿ! ವಾಕಿಂಗ್ ಹೋದರೆ ಅಟ್ಟಿಸಿಕೊಂಡು ಬಂದವು.

ಮನೆ 41: ಇದೇ ನಾನು ಹೇಳುತ್ತಿರುವುದು. ಈ ಬಡಾವಣೆಯ ನಿಜವಾದ ಸಮಸ್ಯೆ ಆ ಸೈಟು ಮತ್ತು ನಾಯಿಗಳು. ಭಾನುವಾರ ಬೆಳಿಗ್ಗೆ ಪೆಂಡಾಲಿನಲ್ಲೇ ಮೀಟಿಂಗ್. ಪಾಲಿಕೆಗೆ ಮನವಿ ನಾನು ಬರೆಯುತ್ತೇನೆ. ಸಹಿ ಹಾಕುವವರು ಇಲ್ಲೇ ಮನೆ ನಂಬರ್ ಹಾಕಿ.

ಮನೆ 22: 22

ಮನೆ 33: 33. ನಾಯಿಗಳಿಗೂ ಓಆರ್‌ಎಸ್ ಬೇಕಾದೀತು, ನೋಡಿ.

ಮನೆ 16: 16. ಸೈಟಿನ ಓನರ್ ಮೇಲೂ ದೂರು ಕೊಡಬೇಕು.

ಮನೆ 18: ಹಿಡಿದು ಬೇರೆ ಕಡೆ ಬಿಟ್ಟುಬನ್ನಿ ಅಂತ ಮಾತ್ರ ಬರೆಯಬೇಡಿ. ಸಂತಾನಹರಣ ಆಪರೇಷನ್ ಮಾಡಿ, ಚುಚ್ಚುಮದ್ದು ಹಾಕಿ ಅಲ್ಲೇ ಬಿಡಬೇಕು ಅಂತ 2023ರ ನಿಯಮ ಇದೆ.

ಮನೆ 41: ನಿಮ್ಮಂಥವರು ಬಿಸ್ಕೆಟ್ ಹಾಕಿದ್ದಕ್ಕೇ ಇಷ್ಟಾಗಿದ್ದು.

ಮನೆ 18: ಮಾತು ಹಿಡಿತದಲ್ಲಿರಲಿ.

ಮನೆ 9: ಯಾರು ಏನು ತಿಂದಿರಿ ಅನ್ನೋ ಪಟ್ಟಿಗೆ ಇನ್ನೂ ನಾಲ್ಕೇ ಮನೆ ಬಂದಿದೆ. ದಯವಿಟ್ಟು ಬರೆಯಿರಿ.

ಮನೆ 44: 44. ನಾಯಿ ವಿಷಯಕ್ಕೆ.

ಮನೆ 27: ಕಾರ್ಯದರ್ಶಿಗಳೇ, ವಿಸರ್ಜನೆ ದಿನಾನೂ ಇದೇ ಭಟ್ಟರೇನಾ?

ಕಾರ್ಯದರ್ಶಿ: ಅಡ್ವಾನ್ಸ್ ಕೊಟ್ಟಾಗಿದೆ ಮೇಡಂ. ಒಳ್ಳೆಯವರು, ಹೇಳಿದರೆ ಕೇಳ್ತಾರೆ. 9ರ ಸಾರ್ ಹೇಳಿದ್ದನ್ನು ಅವರ ಕಿವಿಗೆ ಹಾಕ್ತೀನಿ.

ಮನೆ 30: ನಮ್ಮ ಮನೆಯಿಂದ ಮೆರವಣಿಗೆಗೆ ಬರ್ತೀವಿ. ಊಟ ಮನೆಯಲ್ಲೇ.

ಮನೆ 12: ನಮ್ಮದೂ ಹಾಗೇ.

ಕಾರ್ಯದರ್ಶಿ: ಹಾಗಾದರೆ ಒಟ್ಟು ಎಷ್ಟು ಎಲೆ ಅಂತ ಭಟ್ಟರಿಗೆ ಹೇಳಲಿ? ಇವತ್ತು ಸಂಜೆಯೊಳಗೆ ತಿಳಿಸಿ. ಭಾನುವಾರ ನಾಯಿ ಮೀಟಿಂಗ್ 10:30ಕ್ಕೆ, ಕುರ್ಚಿ ಶಾಮಿಯಾನದವರದ್ದೇ ಇರುತ್ತೆ.